ಭುಜ ಜಾರಿದ್ದನ್ನು ಮುಚ್ಚಿಟ್ಟವನ ಮಾತು

‘ಕಬಡ್ಡಿ ಗಿಬಡ್ಡಿ ಆಡ್ತೀಯೇನಪ್ಪಾ?’ ಎಂದು ಡಾಕ್ಟರು ಕೇಳಿದಾಗ ‘ಇಲ್ಲ ಸರ್, ಮನೆ ಮೆಟ್ಟಿಲ ಮೇಲೆ ಜಾರಿ ಬಿದ್ದೆ’ ಎಂದೆ. ಪಕ್ಕದಲ್ಲಿ ಕೂತಿದ್ದ ಮಾವ ತಲೆಯಾಡಿಸಿ ಸಾಕ್ಷಿಯಾದರು. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ. ಒಂದು ಆಪರೇಷನ್‌ನಲ್ಲಿ ಮುಗಿಯಬಹುದಾಗಿದ್ದದ್ದು ಎರಡಾಗಲು ಆ ಸುಳ್ಳೂ ಕಾರಣ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ನಮ್ಮದು ಕ್ಯಾಸಂಬಳ್ಳಿ ಹೋಬಳಿಯ ಒಂದು ಹಳ್ಳಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕ್ಯಾಸಂಬಳ್ಳಿ ಹೆಸರು ಗೊತ್ತಿರುತ್ತದೆ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಅವರ ಊರು, ಒಂದು ಅಂಕದ ಪ್ರಶ್ನೆ. ಅದು ಬಿಟ್ಟರೆ ನಾವು ಟೊಮೆಟೊ, ಹಸು, ರಾಗಿ ನಂಬಿಕೊಂಡವರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆಗ ನಾನು ಹುಟ್ಟಿರಲೇ ಇಲ್ಲ. ಆಮೇಲೆ ಕೆಜಿಎಫ್ ಸುತ್ತಲಿನ ಹುಡುಗರ ಮುಂದೆ ಉಳಿದ ದಾರಿಗಳು ಹೆಚ್ಚೇನಿಲ್ಲ. ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕು, ಇಲ್ಲವೇ ಪೊಲೀಸ್, ಮಿಲಿಟರಿ ಸೇರಬೇಕು. ಎರಡನೆಯದಕ್ಕೆ ಓದಿನ ಜೊತೆ ಮೈಕಟ್ಟೂ ಬಂಡವಾಳ. ಬಂಡವಾಳಕ್ಕೆ ಬಿರುಕು ಬಿಟ್ಟಿದೆ ಎಂದು ಯಾರಾದರೂ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ?

ಪದವಿ ಮೊದಲ ವರ್ಷದಲ್ಲಿ, ಅಂತರ ಕಾಲೇಜು ಕಬಡ್ಡಿಯಲ್ಲಿ ರೈಡಿಗೆ ಹೋದವನು ವಾಪಸ್ ಗೆರೆಗೆ ಚಾಚಿದ ಬಲಗೈಯನ್ನು ಇಬ್ಬರು ಹಿಂದಕ್ಕೆ ಎಳೆದರು. ಕೈ ಕಿತ್ತು ಬಂದ ಹಾಗಾಯಿತು. ಸೀನಿಯರ್ ಒಬ್ಬ ಅಲ್ಲೇ ಮೈದಾನದಲ್ಲಿ ಎಳೆದು ಕೂರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಕ್ಸ್‌ರೇ ಇಲ್ಲದೆ ಹಾಗೆ ಎಳೆದರೆ ಮೂಳೆ ಮುರಿಯಬಹುದು, ನರಕ್ಕೆ ಪೆಟ್ಟಾಗಬಹುದು ಎಂಬುದು ಚಪ್ಪಾಳೆ ತಟ್ಟಿದ ಯಾರಿಗೂ ಗೊತ್ತಿರಲಿಲ್ಲ, ನನಗೂ. ನಮ್ಮ ಕಡೆ ಮೂಳೆಯ ಮಾತು ಬಂದರೆ ಎಲ್ಲರ ಬಾಯಲ್ಲೂ ಪುತ್ತೂರು ಕಟ್ಟು. ಆಂಧ್ರದ ಪುತ್ತೂರು, ದಕ್ಷಿಣ ಕನ್ನಡದ್ದಲ್ಲ. ಅಷ್ಟು ದೂರ ಹೋಗಲಿಲ್ಲ. ಹತ್ತಿರದಲ್ಲೇ ಒಬ್ಬರ ಬಳಿ ಕಟ್ಟು ಹಾಕಿಸಿಕೊಂಡೆ. ಹತ್ತು ದಿನಕ್ಕೆ ನೋವು ಹೋಯಿತು. ನೋವು ಹೋದರೆ ವಾಸಿಯಾಯಿತು ಎಂದುಕೊಂಡೆ.

ಭುಜದ ಕೀಲು ಹೇಗಿದೆ ಎಂದು ಆಗಲೇ ಯಾರಾದರೂ ಹೇಳಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಸೊಂಟದ ಕೀಲು ಬಟ್ಟಲಿನೊಳಗೆ ಕೂತ ರಾಗಿ ಮುದ್ದೆಯ ಹಾಗೆ, ಅಲುಗಾಡುವುದು ಕಷ್ಟ. ಭುಜ ಹಾಗಲ್ಲ. ಪುಟ್ಟ ತಟ್ಟೆಗೆ ಆನಿಸಿ ನಿಲ್ಲಿಸಿದ ದೊಡ್ಡ ಮುದ್ದೆ ಅದು. ಕೈಯನ್ನು ಎತ್ತ ಬೇಕಾದರೂ ತಿರುಗಿಸಲು ಆಗುವುದೇ ಅದರಿಂದ, ಜಾರುವುದೂ ಅದರಿಂದಲೇ. ತಟ್ಟೆಯ ಸುತ್ತ ರಬ್ಬರಿನಂಥ ಒಂದು ಅಂಚಿದೆ. ಲೇಬ್ರಮ್ ಎನ್ನುತ್ತಾರೆ. ಮುದ್ದೆ ಮುಂದಕ್ಕೆ ಜಾರಿದಾಗ ಮುಂಭಾಗದ ಅಂಚು ಹರಿಯುತ್ತದೆ. ಬ್ಯಾಂಕಾರ್ಟ್ ಎಂಬ ಇಂಗ್ಲೆಂಡಿನ ಸರ್ಜನ್ 1923ರಲ್ಲಿ ಇದನ್ನು ವಿವರಿಸಿ ಬರೆದರು, ಅವರ ಹೆಸರೇ ಅದಕ್ಕೆ ನಿಂತಿತು. ಜಾರಿದ ಮುದ್ದೆ ತಟ್ಟೆಯ ಗಟ್ಟಿ ಅಂಚಿಗೆ ಬಡಿದು ಅದರ ಹಿಂಭಾಗದಲ್ಲಿ ಗುಳಿ ಬೀಳುತ್ತದೆ. ಹಿಲ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಎಕ್ಸ್‌ರೇ ತಜ್ಞರು 1940ರಲ್ಲಿ ಬರೆದದ್ದು ಈ ಗುಳಿಯ ಬಗ್ಗೆ. ಮತ್ತೆ ಮತ್ತೆ ಜಾರಿದರೆ ತಟ್ಟೆಯ ಮೂಳೆಯೂ ಮುಂದುಗಡೆ ಸವೆಯುತ್ತ ಹೋಗುತ್ತದೆ. ತಟ್ಟೆ ಚಿಕ್ಕದಾದಷ್ಟೂ ಮುದ್ದೆ ಉರುಳುವುದು ಸುಲಭ.

ಚಿಕ್ಕ ವಯಸ್ಸಿನವರಲ್ಲಿ ಇದು ಮತ್ತೆ ಜಾರುವ ಸಾಧ್ಯತೆ ಬಹಳ ಹೆಚ್ಚು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮೊದಲ ಸಲ ಭುಜ ಜಾರಿದ 15ರಿಂದ 35 ವರ್ಷದ 252 ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2006ರಲ್ಲಿ ಬಂತು. ಎರಡು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯ ಭುಜ ಮತ್ತೆ ಅಸ್ಥಿರವಾಗಿತ್ತು. ಐದು ವರ್ಷ ಆಗುವಷ್ಟರಲ್ಲಿ ಅದು ಮೂರನೇ ಎರಡು ಪಾಲು. ಹೀಗೆಂದು ಓದಿ ಗಾಬರಿಯಾಗಿ ಎಲ್ಲರೂ ಆಪರೇಷನ್‌ಗೆ ಓಡಬೇಕಿಲ್ಲ. ಸ್ವೀಡನ್ನಿನವರು ಇಂಥದ್ದೇ ರೋಗಿಗಳನ್ನು 25 ವರ್ಷ ಬಿಡದೆ ನೋಡಿದರು. ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ ಎಳೆಯರ ಪೈಕಿ ಸುಮಾರು ಅರ್ಧದಷ್ಟು ಭುಜಗಳು ಮತ್ತೆ ಜಾರಿರಲಿಲ್ಲ, ಇಲ್ಲವೇ ಕಾಲಕ್ರಮೇಣ ತಾವಾಗಿ ನೆಲೆ ನಿಂತಿದ್ದವು. ಪ್ರಶ್ನೆ ಇರುವುದು ನಾನು ಯಾವ ಅರ್ಧಕ್ಕೆ ಸೇರಿದವನು ಎಂಬುದರಲ್ಲಿ.

ನನ್ನದು ಉಳಿದ ಅರ್ಧ. ಎರಡನೇ ಸಲ ಜಾರಿದ್ದು ತುಂಬಿದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ, ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ. ಮೂರನೇ ಸಲ ನಿದ್ದೆಯಲ್ಲಿ. ಕೈ ತಲೆಯ ಮೇಲಿಟ್ಟು ಮಲಗಿದ್ದೆ, ಮಗ್ಗುಲು ಬದಲಿಸಿದೆ, ಅಷ್ಟೇ. ನಿದ್ದೆಯಲ್ಲೂ ಜಾರುತ್ತದೆ ಎಂದಾದ ಮೇಲೆ ಅಮ್ಮ ಹಟ ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ನನಗಾಗ 19. ಅಗ್ನಿವೀರ್ ರ‍್ಯಾಲಿಗೆ ತಯಾರಿ ನಡೆಸಿದ್ದೆ. 10 ಪುಲ್‌ಅಪ್ ಎಳೆದರೆ 40 ಅಂಕ, ಆರಕ್ಕಿಂತ ಕಡಿಮೆಯಾದರೆ ಮನೆಗೆ. ಇನ್ನೊಂದು ಸಂಗತಿಯೂ ತಲೆಯಲ್ಲಿತ್ತು. ಎನ್‌ಡಿಎ ಪರೀಕ್ಷೆಯ ಅಧಿಸೂಚನೆ ನೋಡುವಾಗ ವಾಯುಪಡೆಯ ವೈದ್ಯಕೀಯ ಮಾನದಂಡಗಳಲ್ಲಿ ಒಂದು ಸಾಲು ಕಣ್ಣಿಗೆ ಬಿದ್ದಿತ್ತು: ಭುಜ ಪದೇ ಪದೇ ಜಾರಿದ ಇತಿಹಾಸವಿದ್ದರೆ, ಆಪರೇಷನ್ ಆಗಿರಲಿ ಬಿಡಲಿ, ಅನರ್ಹ. ರ‍್ಯಾಲಿಯ ವೈದ್ಯರೂ ಇದೇ ನೋಡುತ್ತಾರೆ ಎಂದು ಹೆದರಿದೆ. ಮಾವ ಹೇಳಿದರು, ‘ದಾಖಲೆಯಲ್ಲಿ ಏನೂ ಬರದ ಹಾಗೆ ನೋಡ್ಕೋ. ಆಟ ಅಂದ್ರೆ ಬರ್ಕೊಂಡುಬಿಡ್ತಾರೆ.’

ಹಾಗಾಗಿ ಮೆಟ್ಟಿಲು. ಎಷ್ಟು ಸಲ ಜಾರಿದೆ ಎಂದರೆ ‘ಎರಡು ಸಲ ಸರ್’. ಮುಂದೆ ಏನು ಮಾಡಬೇಕೆಂದಿದ್ದೀಯ ಎಂದರೆ ‘ಬ್ಯಾಂಕ್ ಪರೀಕ್ಷೆ ಸರ್’. ನನ್ನನ್ನು ನೋಡಿದ ವೈದ್ಯರು ಅವಸರದಲ್ಲಿದ್ದರು ನಿಜ, ಹೊರಗೆ ಇನ್ನೂ ನಲವತ್ತು ಜನ ಕೂತಿದ್ದರು. ಆದರೆ ಕೇಳಬೇಕಾದ ಪ್ರಶ್ನೆ ಅವರು ಕೇಳಿದ್ದರು. ಉತ್ತರ ಕೊಡಬೇಕಾದವನು ನಾನು. ಕೀಹೋಲ್ ಆಪರೇಷನ್ ಸಾಕು ಎಂದರು. ಎರಡು ಮೂರು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ತೂರಿಸಿ, ಹರಿದ ಅಂಚನ್ನು ಆಂಕರ್ ಎಂಬ ಪುಟ್ಟ ಮೊಳೆಗಳಿಂದ ತಟ್ಟೆಗೆ ಮತ್ತೆ ಹೊಲಿಯುವುದು. ಬ್ಯಾಂಕಾರ್ಟ್ ರಿಪೇರಿ ಎನ್ನುತ್ತಾರೆ. ನನಗೆ ಖುಷಿಯೋ ಖುಷಿ. ಗಾಯದ ಗುರುತು ಕಾಣುವುದಿಲ್ಲವಲ್ಲ!

ಗೆಳೆಯರೂ ಅದನ್ನೇ ಹೇಳಿದರು. ನಮ್ಮ ಕೆ.ಎಲ್. ರಾಹುಲ್ ಭುಜದ ಆಪರೇಷನ್ ಮಾಡಿಸಿಕೊಂಡು 2017ರ ಐಪಿಎಲ್ ತಪ್ಪಿಸಿಕೊಂಡರೂ ತಿರುಗಿ ಬಂದು ಆಡಲಿಲ್ಲವೇ? 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಫೀಲ್ಡಿಂಗ್ ಮಾಡುವಾಗ ಭುಜ ಜಾರಿಸಿಕೊಂಡ ಶ್ರೇಯಸ್ ಅಯ್ಯರ್ ಅದೇ ವರ್ಷ ಸೆಪ್ಟೆಂಬರ್‌ಗೆ ಐಪಿಎಲ್‌ಗೆ ಮರಳಲಿಲ್ಲವೇ? ಮರಳಿದರು. ಆದರೆ ಅವರ ಪಕ್ಕದಲ್ಲಿ ದಿನವೂ ಫಿಸಿಯೋ ಇದ್ದಾರೆ. ಅವರ ಮೂಳೆ ಎಷ್ಟು ಸವೆದಿತ್ತು, ಎಷ್ಟು ಸಲ ಜಾರಿತ್ತು ಎಂಬುದು ಅವರ ವೈದ್ಯರಿಗೆ ಗೊತ್ತಿತ್ತು. ಹೆಸರು ಒಂದೇ ಆದ ಮಾತ್ರಕ್ಕೆ ಗಾಯವೂ ಒಂದೇ ಆಗುವುದಿಲ್ಲ. ಮೊಬೈಲ್‌ನಲ್ಲಿ ಕ್ರಿಕೆಟಿಗನ ವಿಡಿಯೊ ನೋಡಿ ನನ್ನ ಆಪರೇಷನ್ ಸರಿ ಎಂದು ನಂಬಿದ ನಾನು, ಇನ್ನೊಬ್ಬರ ಚೀಟಿ ಹಿಡಿದು ಮೆಡಿಕಲ್ ಶಾಪ್‌ಗೆ ಹೋದವನಿಗಿಂತ ಬೇರೆಯೇನಲ್ಲ.

ಏಳು ತಿಂಗಳು ಸುಮ್ಮನಿದ್ದೆ. ಎಂಟನೇ ತಿಂಗಳು ಮೈದಾನಕ್ಕೆ ಇಳಿದೆ, ಮನೆಯಲ್ಲಿ ಹೇಳದೆ. ಒಂದು ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ಪುಲ್‌ಅಪ್ ಬಾರ್‌ನಲ್ಲಿ ಏಳನೆಯದಕ್ಕೆ ಎಳೆಯುವಾಗ ಎಡಗೈ ಜಾರಿತು. ಇಡೀ ಮೈಭಾರ ಬಲಗೈ ಮೇಲೆ ಬಿತ್ತು. ಆ ಸದ್ದು ಮೊದಲ ಸಲ ಕೇಳಿದ್ದೇ ಸದ್ದು.

ಈ ಸಲ ಬೇರೆ ಆಸ್ಪತ್ರೆ. ಅಲ್ಲಿನ ವೈದ್ಯರು ಎಕ್ಸ್‌ರೇಗಳನ್ನು ಬದಿಗಿಟ್ಟು ನನ್ನನ್ನು ಪ್ರಶ್ನೆ ಕೇಳುತ್ತಲೇ ಹೋದರು. ಮೊದಲ ಸಲ ಜಾರಿದಾಗ ವಯಸ್ಸೆಷ್ಟು? ಯಾವ ಆಟ? ಊರ ಹಬ್ಬದ ಆಟವೋ, ಟೂರ್ನಮೆಂಟೋ? ಮುಂದೆಯೂ ಆಡಬೇಕೆಂದಿದೆಯೇ? ಯಾವ ಕೆಲಸಕ್ಕೆ ಪ್ರಯತ್ನ? ಫಿಟ್ಸ್ ಬರುತ್ತದೆಯೇ? ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈ ಹೊರಕ್ಕೆ ತಿರುಗಿಸು, ಎಲ್ಲಿಯವರೆಗೆ ಹೋಗುತ್ತದೆ ನೋಡೋಣ. ಮಾವ ಬಾಗಿಲ ಹೊರಗಿದ್ದರು. ಎಲ್ಲ ಹೇಳಿಬಿಟ್ಟೆ.

ಅವರು ಒಂದು ಕಾಗದದ ಮೇಲೆ ಲೆಕ್ಕ ಬರೆದರು. ಆ ಕಾಗದ ಇನ್ನೂ ನನ್ನ ಬಳಿ ಇದೆ. ಬಾಲ್ಗ್ ಮತ್ತು ಬುವಾಲೋ ಎಂಬ ಸರ್ಜನ್‌ಗಳು ಫ್ರಾನ್ಸಿನಲ್ಲಿ ಕೀಹೋಲ್ ರಿಪೇರಿಯಾದ 131 ಭುಜಗಳನ್ನು ಪರಿಶೀಲಿಸಿ, ಯಾರದ್ದು ಮತ್ತೆ ಜಾರಿತು, ಯಾಕೆ ಎಂದು ನೋಡಿ 2007ರಲ್ಲಿ ಪ್ರಕಟಿಸಿದ ಹತ್ತು ಅಂಕಗಳ ಲೆಕ್ಕ ಅದು. ಆಪರೇಷನ್ ಹೊತ್ತಿಗೆ ವಯಸ್ಸು 20 ದಾಟಿರದಿದ್ದರೆ 2 ಅಂಕ. ಸ್ಪರ್ಧೆಗಳಲ್ಲಿ ಆಡುವವರಾದರೆ 2. ಮೈಮೇಲೆ ಬೀಳುವ ಅಥವಾ ತೋಳೆತ್ತಿ ಜೋರಾಗಿ ಬೀಸುವ ಆಟವಾದರೆ 1. ಹುಟ್ಟಿನಿಂದಲೇ ಸಡಿಲ ಕೀಲು, ಅಂದರೆ ಆ ಮುಂಗೈ 85 ಡಿಗ್ರಿ ದಾಟಿ ಹೊರಳಿದರೆ 1. ತೋಳನ್ನು ಹೊರಕ್ಕೆ ತಿರುಗಿಸಿ ತೆಗೆದ ಎಕ್ಸ್‌ರೇಯಲ್ಲೂ ಮುದ್ದೆಯ ಗುಳಿ ಕಂಡರೆ 2. ತಟ್ಟೆಯ ಕೆಳಅಂಚು ಸವೆದು ಗೆರೆ ಅಳಿಸಿದ್ದರೆ 2. ಮೊತ್ತ 6 ದಾಟಿದವರಲ್ಲಿ ಕೀಹೋಲ್ ರಿಪೇರಿಯ ನಂತರವೂ ಶೇ 70ರಷ್ಟು ಮತ್ತೆ ಜಾರುವ ಅಪಾಯ ಅವರಿಗೆ ಕಂಡಿತು. ಅಂಥವರಿಗೆ ಈ ಆಪರೇಷನ್ ಬೇಡ, ಮೂಳೆಯ ಆಪರೇಷನ್ ಮಾಡಿ ಎಂದರು. 

ಡಾಕ್ಟರು ನನ್ನ ಹಳೆಯ ಎಕ್ಸ್‌ರೇ ಹಿಡಿದು, ಮೊದಲ ಆಪರೇಷನ್‌ಗೆ ಮುಂಚಿನ ನನ್ನ ಲೆಕ್ಕ ಹಾಕಿದರು. ವಯಸ್ಸಿಗೆ 2, ಗುಳಿಗೆ 2. ಮೆಟ್ಟಿಲ ಮೇಲೆ ಬಿದ್ದವನ ಮೊತ್ತ 4. ಸ್ಪರ್ಧೆಗೆ 2, ಕಬಡ್ಡಿಗೆ 1 ಸೇರಿದರೆ 7. ನಾನು ಮುಚ್ಚಿಟ್ಟದ್ದು ಮೂರೇ ಅಂಕ. ಆ ಮೂರು ಅಂಕ ನನ್ನನ್ನು ಗೆರೆಯ ಈಚೆಗೆ ಕೂರಿಸಿತ್ತು.

ಈ ಲೆಕ್ಕ ಬ್ರಹ್ಮಲಿಪಿ ಅಲ್ಲ ಎಂದೂ ಅವರೇ ಹೇಳಿದರು. ಗೆರೆ 6ಕ್ಕೆ ಎಳೆಯಬೇಕೋ ಇನ್ನೂ ಕೆಳಗೋ ಎಂದು ಸರ್ಜನ್‌ಗಳಲ್ಲೇ ಚರ್ಚೆಯಿದೆ. ಕೆಲವರು 3 ದಾಟಿದರೇ ಎಚ್ಚರ ಎನ್ನುತ್ತಾರೆ. ಬರೀ ಎಕ್ಸ್‌ರೇ ಸಾಲದು, ಮೂಳೆ ಎಷ್ಟು ಸವೆದಿದೆ ಎಂದು ಅಳೆಯಲು ಸಿಟಿ ಸ್ಕ್ಯಾನ್ ಬೇಕು. ತಟ್ಟೆಯ ಶೇ 20–25ರಷ್ಟು ಹೋಗಿದ್ದರೆ ಅಂಚು ಹೊಲಿದು ಪ್ರಯೋಜನವಿಲ್ಲ ಎಂಬುದು ಹಳೆಯ ಮಾತು, ಈಗ ಅದಕ್ಕಿಂತ ಕಡಿಮೆ ಸವೆತವನ್ನೂ ಲಘುವಾಗಿ ನೋಡುವುದಿಲ್ಲವಂತೆ. ಗುಳಿ ದೊಡ್ಡದಿದ್ದು ತಟ್ಟೆ ಚೆನ್ನಾಗಿದ್ದರೆ ಅಂಚು ಹೊಲಿಯುವುದರ ಜೊತೆಗೆ ಆ ಗುಳಿಯನ್ನು ಹಿಂದಿನ ಸ್ನಾಯುವಿನಿಂದ ತುಂಬುವ ವಿಧಾನವೂ ಇದೆ.

ನನಗೆ ಅವರು ಹೇಳಿದ್ದು ಲಾಟಾರ್ಜೆ. ಫ್ರಾನ್ಸಿನ ಮಿಷೆಲ್ ಲಾಟಾರ್ಜೆ 1954ರಲ್ಲಿ ವಿವರಿಸಿದ ಆಪರೇಷನ್. ಭುಜದ ಮುಂದೆ ಕೊಕ್ಕಿನ ಹಾಗೆ ಚಾಚಿರುವ ಮೂಳೆಯ ತುದಿಯನ್ನು, ಅದಕ್ಕಂಟಿದ ಸ್ನಾಯುವಿನ ಸಮೇತ ಕತ್ತರಿಸಿ, ಸವೆದ ತಟ್ಟೆಯ ಅಂಚಿಗೆ ಸಾಮಾನ್ಯವಾಗಿ ಎರಡು ಸ್ಕ್ರೂಗಳಿಂದ ಬಿಗಿಯುವುದು. ತಟ್ಟೆ ಅಗಲವಾಗುತ್ತದೆ, ಕೈ ಮೇಲೆತ್ತಿದಾಗ ಆ ಸ್ನಾಯು ಜೋಲಿಯ ಹಾಗೆ ಮುದ್ದೆಯನ್ನು ತಡೆದು ಹಿಡಿಯುತ್ತದೆ. ಹಾಗಾದರೆ ಎಲ್ಲರಿಗೂ ಇದನ್ನೇ ಮಾಡಬಹುದಲ್ಲ ಎಂದು ಕೇಳಿದೆ. ಅವರು ನಕ್ಕರು. ಇದು ದೊಡ್ಡ ಆಪರೇಷನ್. ಪಕ್ಕದಲ್ಲೇ ಕೈಯ ಮುಖ್ಯ ನರಗಳು ಹಾದುಹೋಗುತ್ತವೆ. ಸ್ಕ್ರೂ ತೊಂದರೆ ಕೊಡಬಹುದು, ಮೂಳೆ ಕೂಡದೆ ಹೋಗಬಹುದು, ಕೆಟ್ಟರೆ ರಿಪೇರಿ ಕಷ್ಟ. ಜಾರುವ ಅಪಾಯ ಕಡಿಮೆಯಿರುವವನ ಮೇಲೆ ಈ ಅಪಾಯ ಯಾಕೆ ಹೊರಿಸಬೇಕು?

ಇದು ನಿಜವೆಂದು ನಮ್ಮ ಸುತ್ತಮುತ್ತಲೇ ಕಾಣುತ್ತದೆ. ಬಂಗಾರಪೇಟೆಯ ನನ್ನ ಗೆಳೆಯನ ಅಣ್ಣನಿಗೆ 31, ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಆಟವಿಲ್ಲ. ಬೈಕಿನಿಂದ ಬಿದ್ದು ಜಾರಿದ್ದು ಮತ್ತೆರಡು ಸಲ ಜಾರಿತು. ಅವನಿಗೆ ಕೀಹೋಲ್ ರಿಪೇರಿಯೇ ಸಾಕಾಯಿತು, ಚೆನ್ನಾಗಿದ್ದಾನೆ. ವಾಲಿಬಾಲ್ ಆಡುವ ನನ್ನ ಚಿಕ್ಕಪ್ಪನ ಮಗಳ ಭುಜ ಬೀಳದೆ ಏಳದೆ ಎಲ್ಲ ದಿಕ್ಕಿಗೂ ಸಡಿಲ. ಅವಳಿಗೆ ಚಾಕು ಮುಟ್ಟಿಸಲೇ ಇಲ್ಲ, ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿಸಿದರು. ಇನ್ನು ದೊಡ್ಡಪ್ಪ. ಹಸು ಹಗ್ಗ ಜಗ್ಗಿ 58ನೇ ವಯಸ್ಸಿನಲ್ಲಿ ಭುಜ ಜಾರಿತು. ಆ ವಯಸ್ಸಿನಲ್ಲಿ ಮತ್ತೆ ಜಾರುವ ಭಯ ಕಡಿಮೆ, ಆದರೆ ಕೈ ಎತ್ತುವ ಸ್ನಾಯು ಹರಿದಿರುವ ಭಯ ಹೆಚ್ಚು. ಕೂರಿಸಿದ ಮೇಲೂ ಕೈ ಎತ್ತಲಾಗದೆ ಅವರು ಮೂರು ತಿಂಗಳು ಎಣ್ಣೆ ತಿಕ್ಕಿಸಿಕೊಂಡು ಕೂತಿದ್ದು ನೋಡಿದರೆ ಈಗ ಹೊಟ್ಟೆ ಉರಿಯುತ್ತದೆ. ಒಂದೇ ಕುಟುಂಬ, ಒಂದೇ ‘ಭುಜ ಜಾರಿತು’ ಎಂಬ ಮಾತು. ಚಿಕಿತ್ಸೆ ಮಾತ್ರ ಬೇರೆ ಬೇರೆ.

ನನ್ನ ತಕರಾರು ಇಷ್ಟೇ. ಯಾವ ಆಪರೇಷನ್ ಒಳ್ಳೆಯದು ಎಂದು ನಾವು ಕೇಳುತ್ತಲೇ ಇದ್ದೇವೆ. ನನಗೆ ಮತ್ತೆ ಜಾರುವ ಅಪಾಯ ಎಷ್ಟು, ಯಾಕೆ ಎಂದು ಕೇಳುವುದಿಲ್ಲ. ಕೇಳಿದರೂ ಉತ್ತರಕ್ಕೆ ಬೇಕಾದ ಅರ್ಧ ಮಾಹಿತಿ ನಮ್ಮ ಹೊಟ್ಟೆಯಲ್ಲೇ ಇರುತ್ತದೆ. ಸ್ಕ್ಯಾನ್ ಯಂತ್ರಕ್ಕೆ ಮೂಳೆ ಕಾಣುತ್ತದೆ, ಕಬಡ್ಡಿ ಕಾಣುವುದಿಲ್ಲ. ಕೆಲಸ ಹುಡುಕುವವರಿಗೆ ಸುಳ್ಳು ಹೇಳಲು ಕಾರಣಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೇಮಕಾತಿಯವರಿಗೆ ಹೆದರಿ ಚಿಕಿತ್ಸೆ ಕೊಡುವವರಿಗೇ ಸುಳ್ಳು ಹೇಳಿದರೆ ಕೈಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ನನ್ನ ವಿಷಯದಲ್ಲಿ ಎರಡನೆಯದು ಪೂರ್ತಿ ಆಯಿತು. 21 ದಾಟಿತು, ಅಗ್ನಿವೀರ್ ಮುಗಿಯಿತು.

ವೈದ್ಯರ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯವರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಪೇಟೆಗೆ ಹೋದರೆ ತಮಿಳು ಮಾತಾಡುವವರು. ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷ್‌ನಲ್ಲಿ. ಎಲ್ಲಿ ಸಹಿ ಹಾಕಬೇಕು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಡುತ್ತಾರೆ. ಹತ್ತು ನಿಮಿಷ ಕೂತು, ಮಾವನನ್ನೂ ಅಪ್ಪನನ್ನೂ ಹೊರಗೆ ಕಳಿಸಿ ಕೇಳಿದ್ದರೆ ನಾನು ಮೊದಲ ಸಲವೇ ಬಾಯಿ ಬಿಡುತ್ತಿದ್ದೆನೋ ಏನೋ. ಖರ್ಚಿನ ವಿಷಯವನ್ನೂ ಮೊದಲೇ ಬಿಡಿಸಿ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಾವು ಅದಿಲ್ಲದೆ ಹೋಗಿ ಒಂದು ವಾರ ಅಲೆದೆವು. ನಿಮಗೆ ಹೇಳಿರುವ ಆಪರೇಷನ್‌ಗೆ, ಅದರ ಆಂಕರ್ ಅಥವಾ ಸ್ಕ್ರೂಗೆ ಯೋಜನೆಯಲ್ಲಿ ದುಡ್ಡು ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಮೊದಲೇ ಕೇಳಿ. ದುಡ್ಡಿನ ಕಾರಣಕ್ಕೆ ಆಪರೇಷನ್ ಬದಲಾಗುವುದಾದರೆ ಅದನ್ನೂ ಡಾಕ್ಟರ ಬಳಿ ಬಾಯಿಬಿಟ್ಟು ಹೇಳಿ.

ಲಾಟಾರ್ಜೆ ಆಗಿ ಒಂದೂವರೆ ವರ್ಷವಾಯಿತು. ನಾಲ್ಕು ವಾರ ಜೋಳಿಗೆಯಲ್ಲಿ ಕೈ, ಆಮೇಲೆ ಫಿಸಿಯೋಥೆರಪಿ. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವ ನನ್ನನ್ನು ನೋಡಿ ಅಜ್ಜಿ ‘ಇನ್ನೂ ಎಷ್ಟು ದಿನ ಆ ಬಾಗಿಲು ಕೀಳ್ತೀಯೋ’ ಎನ್ನುತ್ತಿದ್ದರು. ಭುಜದ ಮುಂದೆ ಬೆರಳುದ್ದದ ಗುರುತಿದೆ. ಕೈ ಹೊರಕ್ಕೆ ಮೊದಲಿನಷ್ಟು ತಿರುಗುವುದಿಲ್ಲ. ಇದುವರೆಗೆ ಜಾರಿಲ್ಲ. ಈಗ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ರೈಲಿನಲ್ಲಿ ಮಾತ್ರ ಅಭ್ಯಾಸ ಬಲ, ಎಡಗೈಯಲ್ಲೇ ಕಂಬಿ ಹಿಡಿಯುತ್ತೇನೆ.

ಹೋದ ತಿಂಗಳು ನಮ್ಮ ಬೀದಿಯ ಹುಡುಗ, ಪಿಯುಸಿ ಎರಡನೇ ವರ್ಷದವನು, ಎಕ್ಸ್‌ರೇ ಕವರ್ ಹಿಡಿದು ಮನೆಗೆ ಬಂದ. ‘ಅಣ್ಣಾ, ನಿಮಗೆ ಮಾಡಿದ್ದನ್ನೇ ಮಾಡಿಸಿಬಿಡ್ಲಾ?’ ಎಂದ. ನನ್ನದು ನಿನಗೆ ಯಾಕೋ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಡಾಕ್ಟರ ಹತ್ರ ಕಬಡ್ಡಿ ಅಂತ ಹೇಳ್ಬೇಕಾ, ಬೇಡ್ವಾ?’ ಎಂದು ಕೇಳಿದ. ಅವನಿಗೂ ಯಾರೋ ಮಾವ ಇದ್ದಾರೆ. ನಾನೇ ಜೊತೆಗೆ ಹೋದೆ. ಒಳಗೆ ಕೂತವನು ಡಾಕ್ಟರು ಬಾಯಿ ತೆರೆಯುವ ಮೊದಲೇ ‘ರೈಡರ್ ಸರ್, ಮೂರು ಸಲ ಜಾರಿದೆ, ಪೊಲೀಸ್‌ಗೆ ಪ್ರಯತ್ನ ಮಾಡ್ತಿದ್ದೀನಿ’ ಎಂದ. ಚೀಟಿ ಬರೆಯಲು ಹೊರಟಿದ್ದ ಅವರು ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು.